ಸಂಘದ ಕಂಪ್ಯೂಟರಿಗೂ ಒಂದು ಆಯುಷ್ಯವುಂಟು



ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವೊಂದು ಸ್ಥಾಪನೆಯಾಯಿತು. ದೇಶದಲ್ಲಿಯೇ ಇದು ಮೊದಲನೆಯದೆಂದು ಹೆಸರಾಗಿದೆ. 1904ರ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದು ಇನ್ನೂ ಹೆಚ್ಚು ದಿನಗಳಾಗಿರಲಿಲ್ಲ. ಕಾಫಿ, ಅಡಿಕೆ ಬೆಳೆಯುವ ಸೀಮೆಯೇ ಬೇರೆ, ಗದಗಿನ ಎರೆಭೂಮಿಯೇ ಬೇರೆ. ಆದರೂ ಇಂದು ನಾವು ಬೆಳೆಸಾಲ ಪಡೆಯುವ, ಠೇವಣಿ ಇಡುವ, ಗೊಬ್ಬರ ಕೊಳ್ಳುವ ಸಂಘಗಳಿಗೆಲ್ಲ ಆ ಹಳ್ಳಿಯೇ ತವರು.

ಅಂದಿನ ಸಂಘದ ಲೆಕ್ಕವೆಲ್ಲ ಕಿರ್ದಿ ಮತ್ತು ಖಾತೆವಹಿಗಳಲ್ಲಿತ್ತು. ವಹಿಯನ್ನು ಗೆದ್ದಲು, ನೀರು ತಾಗದಂತೆ ಪೆಟ್ಟಿಗೆಯಲ್ಲಿಟ್ಟರೆ ಐವತ್ತು ವರ್ಷ ಕಳೆದ ಮೇಲೂ ತೆರೆದು ಓದಬಹುದಿತ್ತು. ಓದಲು ಅಕ್ಷರ ಬಲ್ಲವನೊಬ್ಬನಿದ್ದರೆ ಸಾಕಾಗಿತ್ತು. ಕಂಪ್ಯೂಟರಿನಲ್ಲಿರುವ ಲೆಕ್ಕ ಹಾಗಲ್ಲ. ಅದನ್ನು ಓದಲು ಯಂತ್ರ ಬೇಕು, ಯಂತ್ರವನ್ನು ನಡೆಸುವ ತಂತ್ರಾಂಶ ಬೇಕು, ಆ ತಂತ್ರಾಂಶವನ್ನು ದುರಸ್ತಿ ಮಾಡುವವರೂ ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಲೆಕ್ಕ ಕೈಗೆ ಸಿಗುವುದಿಲ್ಲ.

ಕೇಂದ್ರ ಸಚಿವ ಸಂಪುಟವು 2022ರ ಜೂನ್ 29ರಂದು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕಾಗಿ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ನಬಾರ್ಡ್ ಮೂಲಕ ಒಂದೇ ಬಗೆಯ ತಂತ್ರಾಂಶ ಸಂಘಗಳಿಗೆ ಬರುತ್ತಿದೆ. ಇದು ಸ್ವಾಗತಾರ್ಹವೇ. ಆದರೆ ಕಂಪ್ಯೂಟರ್ ಬಂದು ಕೂತ ಮೇಲೆ ಅದನ್ನು ಎಷ್ಟು ವರ್ಷ ನಂಬಬಹುದು, ಯಾವಾಗ ಬದಲಿಸಬೇಕು, ಬದಲಿಸುವ ಖರ್ಚನ್ನು ಯಾರು ಭರಿಸಬೇಕು ಎಂಬ ವಿಚಾರ ನಮ್ಮ ಆಡಳಿತ ಮಂಡಳಿಗಳ ಸಭೆಯಲ್ಲಿ ಚರ್ಚೆಗೆ ಬರುವುದು ಕಡಿಮೆ. ಈ ಪಾಠದಲ್ಲಿ ನಾವು ಅದನ್ನೇ ವಿಚಾರ ಮಾಡೋಣ.

ಇದರಿಂದ ಸದಸ್ಯನಿಗೆ ಏನು?

ಕಂಪ್ಯೂಟರಿನ ಗೋಜು ಕಾರ್ಯದರ್ಶಿಯವರದು, ನಮಗೇಕೆ ಎಂದು ಕೇಳುವವರಿದ್ದಾರೆ. ಅವರು ಒಂದು ಲೆಕ್ಕವನ್ನು ಗಮನಿಸಬೇಕು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಶೂನ್ಯ ಬಡ್ಡಿಯಲ್ಲಿ ಕೊಡುವ ಅಲ್ಪಾವಧಿ ಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಈ ರಿಯಾಯಿತಿ ದೊರೆಯುವುದು ಗಡುವಿನೊಳಗೆ ಸಾಲ ತೀರಿಸಿದವರಿಗೆ. 3 ಲಕ್ಷ ಸಾಲವಿರುವ ಸದಸ್ಯನು ಗಡುವಿನ ದಿನ ಹಣ ಹಿಡಿದು ಸಂಘದ ಬಾಗಿಲಿಗೆ ಬಂದನೆನ್ನಿ. ಅಂದೇ ಕಂಪ್ಯೂಟರ್ ಕೆಟ್ಟು ಜಮಾ ಆಗಲಿಲ್ಲ. ನೂರಕ್ಕೆ ಏಳರಂತೆ ಹಿಡಿದರೂ ವರ್ಷದ ಬಡ್ಡಿ 21,000 ರೂಪಾಯಿ. ರಸೀದಿ ಬರೆದುಕೊಟ್ಟು ಮುಂದೆ ಸರಿಪಡಿಸಬಹುದು, ನಿಜ. ಆದರೆ ಅಷ್ಟರವರೆಗೆ ಆ ಸದಸ್ಯನಿಗೆ ಓಡಾಟ, ಅರ್ಜಿ, ಆತಂಕ ಯಾವುದೂ ತಪ್ಪುವುದಿಲ್ಲ. ಆದುದರಿಂದ ಇದು ಕಚೇರಿಯ ವಿಷಯ ಮಾತ್ರವಲ್ಲ, ಪ್ರತಿಯೊಬ್ಬ ಬೆಳೆಗಾರನ ಕಿಸೆಯ ವಿಷಯ.

ಆಪರೇಟಿಂಗ್ ಸಿಸ್ಟಂ ಎಂದರೇನು?

ಕಂಪ್ಯೂಟರಿನ ಗುಂಡಿ ಒತ್ತಿದ ಕೂಡಲೆ ಎಚ್ಚೆತ್ತು, ಕೀಲಿಮಣೆ, ಪರದೆ, ಮುದ್ರಣ ಯಂತ್ರ, ಕಡತಗಳು ಇವೆಲ್ಲವನ್ನೂ ಒಂದು ಹಿಡಿತದಲ್ಲಿ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ನಮ್ಮ ಕಚೇರಿಗಳಲ್ಲಿ ಹೆಚ್ಚಾಗಿ ಇರುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್. ಉಚಿತವಾಗಿ ದೊರೆಯುವ ಲಿನಕ್ಸ್ ಬಗೆಯವೂ ಇವೆ. ಮೊಬೈಲಿನಲ್ಲಿರುವ ಆಂಡ್ರಾಯ್ಡ್ ಕೂಡ ಇದೇ ಜಾತಿಯದು. ಸಾಲದ ತಂತ್ರಾಂಶ, ಟ್ಯಾಲಿ, ಕನ್ನಡ ಟೈಪಿಂಗಿನ ನುಡಿ ಇವೆಲ್ಲ ಈ ಮೂಲ ತಂತ್ರಾಂಶದ ಮೇಲೆ ನಿಂತಿರುತ್ತವೆ. ತೋಟದ ಮಾತಿನಲ್ಲಿ ಹೇಳುವುದಾದರೆ ಇದು ಮಣ್ಣು, ಉಳಿದವು ಗಿಡ.

ಬಿಡುಗಡೆಯಾದ ದಿನ, ಮುಗಿಯುವ ದಿನ

ಇಂತಹ ತಂತ್ರಾಂಶವನ್ನು ತಯಾರಕರು ಕೆಲವು ವರ್ಷಗಳಿಗೊಮ್ಮೆ ಹೊಸದಾಗಿ ಬಿಡುಗಡೆ ಮಾಡುತ್ತಾರೆ. ಬಿಡುಗಡೆಯಾದ ಮೇಲೆ ಇಂತಿಷ್ಟು ವರ್ಷ ಅದರಲ್ಲಿ ಕಂಡ ದೋಷಗಳನ್ನು ತಿದ್ದಿಕೊಡುತ್ತೇವೆ ಎಂದು ಮಾತು ಕೊಡುತ್ತಾರೆ. ಈ ಅವಧಿಗೆ ಬೆಂಬಲದ ಅವಧಿ ಎಂದು ಹೆಸರು. ವಿಂಡೋಸಿನ ವಿವರ ಹೀಗಿದೆ:

ವಿಂಡೋಸ್ ಎಕ್ಸ್‌ಪಿ: 2001ರ ಅಕ್ಟೋಬರಿನಲ್ಲಿ ಬಂತು, ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು.
ವಿಂಡೋಸ್ 7: 2009ರ ಅಕ್ಟೋಬರಿನಲ್ಲಿ ಬಂತು, 2020ರ ಜನವರಿ 14ಕ್ಕೆ ಮುಗಿಯಿತು.
ವಿಂಡೋಸ್ 10: 2015ರ ಜುಲೈನಲ್ಲಿ ಬಂತು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.
ವಿಂಡೋಸ್ 11: 2021ರ ಅಕ್ಟೋಬರಿನಲ್ಲಿ ಬಂತು. ಇದರಲ್ಲಿ ವರ್ಷಕ್ಕೊಂದು ಆವೃತ್ತಿ ಬರುತ್ತದೆ. ಹೋಂ ಮತ್ತು ಪ್ರೊ ಎಂಬ ಬಗೆಗಳಲ್ಲಿ ಪ್ರತಿ ಆವೃತ್ತಿಗೂ 24 ತಿಂಗಳು, ದೊಡ್ಡ ಸಂಸ್ಥೆಗಳ ಎಂಟರ್‌ಪ್ರೈಸ್ ಬಗೆಯಲ್ಲಿ 36 ತಿಂಗಳು ಬೆಂಬಲವಿರುತ್ತದೆ.

ಹಳೆಯ ಪದ್ಧತಿಯಲ್ಲಿ ಒಮ್ಮೆ ಕೊಂಡರೆ ಹತ್ತು ವರ್ಷ ನಿಶ್ಚಿಂತೆಯಿಂದ ಇರಬಹುದಾಗಿತ್ತು. ಈಗ ಹಾಗಿಲ್ಲ. ವಿಂಡೋಸ್ 11 ಇದೆ ಎಂದ ಮಾತ್ರಕ್ಕೆ ಸಾಲದು, ಅದರ ಯಾವ ವರ್ಷದ ಆವೃತ್ತಿ ಇದೆ ಎಂಬುದನ್ನೂ ನೋಡಬೇಕು.

ತಿದ್ದುಪಡಿ ಏಕೆ ಬೇಕು ಎಂಬುದನ್ನು ಬೆಳೆಗಾರರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದ ಮೊದಲು ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. 40–45 ದಿನ ಕಳೆದ ಮೇಲೆ ಮತ್ತೊಮ್ಮೆ ಸಿಂಪಡಿಸುತ್ತೇವೆ. ಮೊದಲ ಸಲ ಹೊಡೆದಿದ್ದೇವಲ್ಲ ಎಂದು ಸುಮ್ಮನಿದ್ದರೆ ಗೊನೆ ಉದುರುತ್ತದೆ. ಕಂಪ್ಯೂಟರಿನ ತಿದ್ದುಪಡಿಯೂ ಅಂತಹುದೇ. ಮೈಕ್ರೋಸಾಫ್ಟ್ 2003ರಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ ಭದ್ರತೆಯ ತಿದ್ದುಪಡಿಗಳನ್ನು ಹೊರಡಿಸುತ್ತಿದೆ. ನಮ್ಮಲ್ಲಿಗೆ ಅದು ಅಂದಿನ ರಾತ್ರಿ ಅಥವಾ ಬುಧವಾರ ಬಂದು ಮುಟ್ಟುತ್ತದೆ. ಬೆಂಬಲದ ಅವಧಿ ಮುಗಿದರೆ ಈ ಸಿಂಪಡಣೆ ನಿಂತಂತೆ.

ಕಾಫಿಯಲ್ಲಿಯೂ ಇದೇ ಅನುಭವ ನಮಗಿದೆ. ಕಳೆದ ಶತಮಾನದ ಆರಂಭದಲ್ಲಿ ಎಲೆತುಕ್ಕು ರೋಗವನ್ನು ತಡೆಯುತ್ತದೆಂದು ಕೆಂಟ್ಸ್ ತಳಿ ಬಂತು. ಕೆಲವು ವರ್ಷಗಳಲ್ಲಿ ರೋಗಾಣುವಿನ ಹೊಸ ಬಗೆ ಹುಟ್ಟಿ ಆ ತಳಿಗೂ ತಗುಲಿತು. 1940ರ ದಶಕದಲ್ಲಿ ಬಂದ ಎಸ್.795 ತಳಿಗೂ ಕಾಲಾನಂತರ ತುಕ್ಕು ಹತ್ತಿತು. ತಳಿ ಕೆಟ್ಟದೆಂದಲ್ಲ, ಶತ್ರು ಹೊಸ ದಾರಿ ಕಂಡುಕೊಂಡಿತು ಅಷ್ಟೆ. ಹಳೆಯ ವಿಂಡೋಸ್ ವಿಷಯವೂ ಇದಕ್ಕಿಂತ ಭಿನ್ನವಲ್ಲ.

ಹಳತನ್ನೇ ಹಿಡಿದು ಕೂತರೆ

2017ರ ಮೇ 12ರಂದು ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿತು. ಕಡತಗಳಿಗೆಲ್ಲ ಬೀಗ ಜಡಿದು, ಬಿಡಿಸಲು ಹಣ ಕೇಳುವುದು ಅದರ ಕೆಲಸ. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದು ತಗುಲಿತು. ಕಾಫಿಯ ಸೀಮೆಯಾದ ಕೇರಳದ ವಯನಾಡಿನಲ್ಲಿ ಒಂದು ಗ್ರಾಮ ಪಂಚಾಯಿತಿಯ ಕಂಪ್ಯೂಟರುಗಳೂ ಅದಕ್ಕೆ ತುತ್ತಾದವು. ಗಮನಿಸತಕ್ಕ ಅಂಶವೆಂದರೆ, ಆ ದೋಷವನ್ನು ಮುಚ್ಚುವ ತಿದ್ದುಪಡಿ ಎರಡು ತಿಂಗಳು ಮೊದಲೇ, ಅಂದರೆ ಮಾರ್ಚ್ 14ರಂದೇ ಹೊರಬಿದ್ದಿತ್ತು. ಹಾಕಿಕೊಂಡವರು ಉಳಿದರು. ಬೆಂಬಲ ಮುಗಿದಿದ್ದ ಎಕ್ಸ್‌ಪಿ ಬಳಸುತ್ತಿದ್ದವರಿಗೆ ಆ ತಿದ್ದುಪಡಿ ಮೊದಲು ದೊರೆತಿರಲೇ ಇಲ್ಲ. ಅನಾಹುತವಾದ ಮೇಲೆ ಕಂಪನಿ ವಿಶೇಷವಾಗಿ ಕೊಟ್ಟಿತು.

ಬ್ಯಾಂಕುಗಳಿಗೂ ಇದೇ ಪಾಠವಾಯಿತು. ಎಕ್ಸ್‌ಪಿಯ ಬೆಂಬಲ 2014ರಲ್ಲಿ ಮುಗಿದಿದ್ದರೂ ಅನೇಕ ಎಟಿಎಂ ಯಂತ್ರಗಳು ಅದರಲ್ಲೇ ನಡೆಯುತ್ತಿದ್ದವು. ಕೊನೆಗೆ ರಿಸರ್ವ್ ಬ್ಯಾಂಕು 2018ರ ಜೂನಿನಲ್ಲಿ ಗಡುವು ಹಾಕಿತು. ಅದೇ ವರ್ಷದ ಸೆಪ್ಟೆಂಬರಿಗೆ ಕಾಲುಭಾಗ, ಡಿಸೆಂಬರಿಗೆ ಅರ್ಧ, 2019ರ ಮಾರ್ಚಿಗೆ ಮುಕ್ಕಾಲು ಭಾಗ, ಜೂನಿಗೆ ಎಲ್ಲ ಯಂತ್ರಗಳೂ ಹೊಸ ಆಪರೇಟಿಂಗ್ ಸಿಸ್ಟಂಗೆ ಬದಲಾಗಬೇಕೆಂದು ಆಜ್ಞೆ ಮಾಡಿತು. ದೊಡ್ಡ ಬ್ಯಾಂಕುಗಳೇ ಐದು ವರ್ಷ ತಡಮಾಡಿದವೆಂದರೆ ಸಣ್ಣ ಸಂಘಗಳ ಪಾಡನ್ನು ಊಹಿಸಬಹುದು. ಆದರೆ ಹಂತ ಹಂತವಾಗಿ ಬದಲಿಸುವ ಈ ಕ್ರಮ ನಾವೂ ಅನುಸರಿಸತಕ್ಕದ್ದು.

ನಮ್ಮ ತಂತ್ರಾಂಶ ಈಗ ದೂರದ ಸರ್ವರಿನಲ್ಲಿದೆ, ನಮ್ಮ ಯಂತ್ರ ಹಳೆಯದಾದರೂ ಅಡ್ಡಿಯಿಲ್ಲ ಎಂಬ ವಾದವೂ ಇದೆ. ಇದು ಅರ್ಧ ಸತ್ಯ. ದೂರದ ಸರ್ವರನ್ನು ನೋಡುವ ಕಿಟಕಿ ಎಂದರೆ ಬ್ರೌಸರ್. ವಿಂಡೋಸ್ 7 ಇರುವ ಯಂತ್ರಗಳಿಗೆ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು 2023ರ ಫೆಬ್ರವರಿಯಿಂದ ನಿಂತುಹೋದವು. ಬ್ರೌಸರ್ ಹಳತಾದಂತೆ ಒಂದೊಂದಾಗಿ ಸರ್ಕಾರದ, ಬ್ಯಾಂಕಿನ ಪುಟಗಳು ತೆರೆಯುವುದು ನಿಲ್ಲುತ್ತದೆ.

ಹೊಸತಕ್ಕೆ ಆತುರಪಟ್ಟರೆ

ಹಾಗಾದರೆ ಹೊಸದು ಬಂದ ದಿನವೇ ಹಾಕಿಕೊಳ್ಳುವುದು ಲೇಸೇ? ಅದೂ ಸರಿಯಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ದೋಷಯುಕ್ತ ತಿದ್ದುಪಡಿಯೊಂದು ಒಮ್ಮೆಲೇ ಎಲ್ಲ ಕಡೆಗೂ ಹೋಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಚೀಟಿಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ತಿದ್ದುಪಡಿ ಒಳ್ಳೆಯದೇ ಆದರೂ ಎಲ್ಲ ಯಂತ್ರಗಳಿಗೂ ಒಂದೇ ಗಳಿಗೆಯಲ್ಲಿ ಹಾಕಬಾರದು. ಹೊಸ ಔಷಧವನ್ನು ಮೊದಲು ನಾಲ್ಕು ಗಿಡಕ್ಕೆ ಹೊಡೆದು ನೋಡುವುದು ನಮ್ಮ ವಾಡಿಕೆಯಲ್ಲವೇ?

ಎರಡನೆಯ ತೊಂದರೆ ಹೊಂದಾಣಿಕೆಯದು. ಸಂಘಗಳಲ್ಲಿ ಡಾಸ್ ಕಾಲದ ಲೆಕ್ಕದ ತಂತ್ರಾಂಶಗಳು ಬಹುಕಾಲ ಬಳಕೆಯಲ್ಲಿದ್ದವು. ಆ 16 ಬಿಟ್ ತಂತ್ರಾಂಶಗಳು 64 ಬಿಟ್ ವಿಂಡೋಸಿನಲ್ಲಿ ನೇರವಾಗಿ ನಡೆಯುವುದಿಲ್ಲ. ವಿಂಡೋಸ್ 10ರವರೆಗೆ 32 ಬಿಟ್ ಆವೃತ್ತಿಯೂ ಇದ್ದುದರಿಂದ ಹೇಗೋ ನಡೆಯುತ್ತಿತ್ತು. ವಿಂಡೋಸ್ 11ರಲ್ಲಿ ಅದು ಇಲ್ಲವೇ ಇಲ್ಲ. ವಿಷುವಲ್ ಫಾಕ್ಸ್‌ಪ್ರೊದಲ್ಲಿ ಬರೆಸಿದ ತಂತ್ರಾಂಶಗಳೂ ಇವೆ. ಅದರ ಕೊನೆಯ ಆವೃತ್ತಿ ಬಂದದ್ದು 2004ರಲ್ಲಿ, ಬೆಂಬಲ ಮುಗಿದದ್ದು 2015ರ ಜನವರಿಯಲ್ಲಿ. ಪಾಸು ಪುಸ್ತಕ ಮುದ್ರಿಸುವ ಹಳೆಯ ಯಂತ್ರ, ಬೆರಳಚ್ಚಿನ ಉಪಕರಣ, ಡಿಜಿಟಲ್ ಸಹಿಯ ಟೋಕನ್ ಇವುಗಳಿಗೆ ಹೊಸ ಆಪರೇಟಿಂಗ್ ಸಿಸ್ಟಂಗೆ ಒಪ್ಪುವ ಚಾಲಕ ತಂತ್ರಾಂಶ ದೊರೆಯುವುದೇ ಎಂದು ಮೊದಲೇ ವಿಚಾರಿಸಬೇಕು.

ಇದನ್ನು ಚೆನ್ನಾಗಿ ಬಲ್ಲವರು ಮುದ್ರಣದವರು. ಗದಗ ಮುದ್ರಣಾಲಯಗಳಿಗೆ ಹೆಸರಾದ ಊರು. ಕನ್ನಡ ಮುದ್ರಣದ ಪುಟ ಜೋಡಣೆ ಬಹುಕಾಲ ಪೇಜ್‌ಮೇಕರ್ ತಂತ್ರಾಂಶದಲ್ಲಿ, ನುಡಿ, ಶ್ರೀಲಿಪಿಗಳಂತಹ ಅಕ್ಷರಗಳಲ್ಲಿ ನಡೆಯಿತು. ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರದು. ಮುಂದೆ ಬಂದ ವಿಂಡೋಸಿಗೆ ತಕ್ಕಂತೆ ಅದನ್ನು ತಯಾರಕರು ಮಾರ್ಪಡಿಸಲಿಲ್ಲ. ಆದ್ದರಿಂದ ಕೆಲವು ಕನ್ನಡ ಅಚ್ಚಿನ ಮನೆಗಳಿಗೆ ಎಕ್ಸ್‌ಪಿ ಯಂತ್ರವನ್ನು ಕೈಬಿಡುವುದು ಕಷ್ಟವಾಯಿತು. ಇದಕ್ಕೆ ಇನ್ನೊಂದು ಕಾರಣ ಅಕ್ಷರಗಳ ಸಂಕೇತ. ಹಳೆಯ ಕನ್ನಡ ಅಕ್ಷರಗಳು ಜಾಗತಿಕ ಸಂಕೇತವಾದ ಯೂನಿಕೋಡಿನಲ್ಲಿರಲಿಲ್ಲ. ಆ ಅಕ್ಷರ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಎಕ್ಸ್‌ಪಿಯಿಂದಲೇ ವಿಂಡೋಸಿನಲ್ಲಿ ಯೂನಿಕೋಡ್ ಕನ್ನಡ ಬಂದಿತ್ತು. ಅಂದೇ ಬದಲಾದವರಿಗೆ ಇಂದು ಕಷ್ಟವಿಲ್ಲ. ನಮ್ಮ ಸಂಘಗಳ ಹಳೆಯ ನಡಾವಳಿ, ಸದಸ್ಯರ ಪಟ್ಟಿ, ನೋಟೀಸುಗಳು ಹಳೆಯ ಅಕ್ಷರದಲ್ಲಿದ್ದರೆ ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸವನ್ನು ಈಗಲೇ ಕೈಗೊಳ್ಳಬೇಕು. ಪರಿವರ್ತಿಸಿದ ಮೇಲೆ ಹೆಸರುಗಳಲ್ಲಿ ಒತ್ತಕ್ಷರ ತಪ್ಪಿದೆಯೇ ಎಂದು ಒಬ್ಬರು ಕೂತು ಓದಬೇಕು. ಒಂದು ಅಕ್ಷರ ತಪ್ಪಿದರೆ ಪಹಣಿಗೂ ಪಾಸು ಪುಸ್ತಕಕ್ಕೂ ಹೆಸರು ಹೊಂದದೆ ಸದಸ್ಯನೇ ತೊಂದರೆಪಡುತ್ತಾನೆ.

ಖರ್ಚಿನ ಲೆಕ್ಕ

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ ಮತ್ತು ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು. ಇಂಟೆಲ್ ಸಂಸ್ಕಾರಕವಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದು, ಅಂದರೆ 2017ರಿಂದ ಈಚಿನದು ಇರಬೇಕು. ಆದುದರಿಂದ ಚೆನ್ನಾಗಿ ಕೆಲಸ ಮಾಡುತ್ತಿರುವ 2015–16ರ ಯಂತ್ರಗಳೂ ಅನರ್ಹವಾದವು. ಯಂತ್ರ ಕೆಟ್ಟಿಲ್ಲ, ಆದರೂ ಬದಲಿಸಬೇಕು. ರೈತನಿಗೆ ಇದು ಒಪ್ಪುವ ಮಾತಲ್ಲ. ಆದರೂ ಲೆಕ್ಕ ಹಾಕಿ ನೋಡೋಣ.

ವಿಂಡೋಸ್ 10ರಲ್ಲಿಯೇ ಉಳಿಯಬಯಸುವ ಸಂಸ್ಥೆಗಳು ಹಣ ಕೊಟ್ಟು ಮೂರು ವರ್ಷದವರೆಗೆ, ಅಂದರೆ 2028ರ ಅಕ್ಟೋಬರ್‌ವರೆಗೆ, ಭದ್ರತೆಯ ತಿದ್ದುಪಡಿ ಪಡೆಯಬಹುದು. ಕಂಪನಿ ಪ್ರಕಟಿಸಿದ ದರ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್. ಪ್ರತಿ ವರ್ಷ ಅದು ಇಮ್ಮಡಿಯಾಗುತ್ತದೆ: 61, 122, 244. ಮೂರು ವರ್ಷಕ್ಕೆ ಒಟ್ಟು 427 ಡಾಲರ್. ರೂಪಾಯಿಯಲ್ಲಿ ಇದು 35,000ಕ್ಕೂ ಮೇಲಾಗುತ್ತದೆ. ಎರಡನೆಯ ವರ್ಷ ಸೇರುವವರು ಮೊದಲ ವರ್ಷದ್ದನ್ನೂ ಕಟ್ಟಬೇಕು. ಈ ಮೊತ್ತಕ್ಕೆ ಒಂದು ಸಾಧಾರಣ ಹೊಸ ಯಂತ್ರದ ಬೆಲೆಯ ಬಹುಭಾಗ ಬಂದೇ ಬರುತ್ತದೆ. ಆದುದರಿಂದ ಒಂದು ವರ್ಷದ ಮಟ್ಟಿಗೆ ಗಡುವು ಪಡೆಯಲು ಈ ದಾರಿ ಸರಿ, ಮೂರು ವರ್ಷಕ್ಕೆ ಲಾಭದಾಯಕವಲ್ಲ.

ಲಿನಕ್ಸ್ ದಾರಿಯೂ ಇದೆ. ಉಬುಂಟು ಎಂಬ ಬಗೆಯಲ್ಲಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ದೀರ್ಘಾವಧಿಯ ಆವೃತ್ತಿ ಬರುತ್ತದೆ. ಪ್ರತಿಯೊಂದಕ್ಕೂ ಐದು ವರ್ಷ ಉಚಿತ ಬೆಂಬಲವಿದೆ. ಕೇರಳದ ಸರ್ಕಾರಿ ಶಾಲೆಗಳು, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ, ಇದರ ಆಧಾರದ ಮೇಲೆ ಮಾಡಿದ ವ್ಯವಸ್ಥೆಯನ್ನು ಬಳಸುತ್ತಿವೆ. ಹಳೆಯ ಯಂತ್ರಕ್ಕೆ ಇದು ಒಗ್ಗುತ್ತದೆ. ಆದರೆ ನಮ್ಮ ಲೆಕ್ಕದ ತಂತ್ರಾಂಶ, ಸಹಿಯ ಟೋಕನ್ ಇದರಲ್ಲಿ ನಡೆಯುತ್ತವೆಯೇ ಎಂದು ಪರೀಕ್ಷಿಸಿಯೇ ಮುಂದುವರಿಯಬೇಕು. ಉಚಿತವಾದುದರ ಅವಧಿಯೂ ಬದಲಾಗಬಹುದು. ಸರ್ವರುಗಳಲ್ಲಿ ಬಳಸುತ್ತಿದ್ದ ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಬೆಂಬಲವಿದೆ ಎಂದಿದ್ದರು. 2020ರ ಡಿಸೆಂಬರಿನಲ್ಲಿ ಅದನ್ನು 2021ರ ಕೊನೆಗೇ ಮುಗಿಸುವುದಾಗಿ ಪ್ರಕಟಿಸಿದರು.

ಇನ್ನು ಹಣದ ಏರ್ಪಾಡು. ಸಂಘವೊಂದರಲ್ಲಿ ನಾಲ್ಕು ಯಂತ್ರಗಳಿದ್ದು, ಒಂದಕ್ಕೆ 45,000 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು 1,80,000. ಆರು ವರ್ಷಕ್ಕೊಮ್ಮೆ ಬದಲಿಸುವುದಾದರೆ ವರ್ಷಕ್ಕೆ 30,000 ತೆಗೆದಿಡಬೇಕು. ಸಂಘದಲ್ಲಿ 600 ಸದಸ್ಯರಿದ್ದರೆ ತಲೆಗೆ ವರ್ಷಕ್ಕೆ 50 ರೂಪಾಯಿ. ಕಟ್ಟಡಕ್ಕೆ, ಗೋದಾಮಿಗೆ ನಿಧಿ ಇಡುವ ನಾವು ಯಂತ್ರಕ್ಕೂ ಒಂದು ನಿಧಿ ಇಟ್ಟರೆ ಗಡುವಿನ ವರ್ಷ ಸಾಲ ಮಾಡುವ ಪ್ರಮೇಯ ಬಾರದು.

ಸಂಘಗಳು ಮಾಡತಕ್ಕ ಕೆಲಸ

1. ಯಂತ್ರಗಳ ದಾಖಲೆ ಪುಸ್ತಕ ಇಡಿರಿ. ಕೊಂಡ ವರ್ಷ, ಆಪರೇಟಿಂಗ್ ಸಿಸ್ಟಂ ಹೆಸರು ಮತ್ತು ಆವೃತ್ತಿ, ಬೆಂಬಲ ಮುಗಿಯುವ ದಿನ, ಜೋಡಿಸಿದ ಉಪಕರಣಗಳು ಇವನ್ನೆಲ್ಲ ಬರೆಯಿರಿ. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಅಬೌಟ್ ಎಂಬಲ್ಲಿ ಆವೃತ್ತಿ ಕಾಣುತ್ತದೆ.

2. ಲೆಕ್ಕದ ಮೂರು ಪ್ರತಿ ಇರಲಿ. ಒಂದು ಯಂತ್ರದಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಕಚೇರಿಯ ಆಚೆ. ಮೂರು ತಿಂಗಳಿಗೊಮ್ಮೆ ಪ್ರತಿಯಿಂದ ಲೆಕ್ಕವನ್ನು ಮರಳಿ ತೆರೆದು ನೋಡಿರಿ. ತೆರೆಯದ ಪ್ರತಿ ಮೊಳೆಯದ ಬೀಜದಂತೆ.

3. ತಿಂಗಳ ತಿದ್ದುಪಡಿಯನ್ನು ಮೊದಲು ಒಂದು ಯಂತ್ರಕ್ಕೆ ಹಾಕಿ, ಮೂರು ನಾಲ್ಕು ದಿನ ನೋಡಿ ಉಳಿದವಕ್ಕೆ ಹಾಕಿರಿ. ಇದಕ್ಕಿಂತ ಹೆಚ್ಚು ತಡ ಮಾಡಬೇಡಿರಿ.

4. ದೊಡ್ಡ ಬದಲಾವಣೆಯನ್ನು ಮಾರ್ಚ್ ತಿಂಗಳಲ್ಲಿ, ಸಾಲ ವಸೂಲಿಯ ಗಡುವಿನ ಹತ್ತಿರ, ಕಾಫಿ ಕೊಯ್ಲಿನ ಅಥವಾ ಅಡಿಕೆ ವ್ಯಾಪಾರದ ಭರಾಟೆಯಲ್ಲಿ ಮಾಡಬೇಡಿರಿ. ಗಿರಾಕಿ ಕಡಿಮೆ ಇರುವ ತಿಂಗಳನ್ನು ಹಿಂದಿನ ವರ್ಷದ ಕಿರ್ದಿ ನೋಡಿಯೇ ಗೊತ್ತುಮಾಡಬಹುದು.

5. ಹೊಸ ಯಂತ್ರದಲ್ಲಿ ಒಂದು ತಿಂಗಳ ಲೆಕ್ಕವನ್ನು ಹಳೆಯದರ ಜೊತೆಗೇ ನಡೆಸಿ ಶಿಲ್ಕು ತಾಳೆ ನೋಡಿರಿ. ಪೈಸೆಯ ವ್ಯತ್ಯಾಸವಿದ್ದರೂ ಕಾರಣ ತಿಳಿಯುವವರೆಗೆ ಹಳೆಯದನ್ನು ನಿಲ್ಲಿಸಬೇಡಿರಿ.

6. ಹಳೆಯ ಲೆಕ್ಕ ಓದಲು ಹಳೆಯ ಯಂತ್ರ ಬೇಕೇ ಬೇಕೆಂದರೆ ಅದನ್ನು ಇಂಟರ್‌ನೆಟ್‌ನಿಂದ ಬೇರ್ಪಡಿಸಿ ಇಡಿರಿ. ಹೊರಗಿನ ಪೆನ್‌ಡ್ರೈವ್ ಅದಕ್ಕೆ ಹಾಕಬೇಡಿರಿ.

7. ತಂತ್ರಾಂಶ, ಯಂತ್ರ ಕೊಳ್ಳುವಾಗ ಎರಡು ಷರತ್ತುಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ಮುಂದಿನ ಆಪರೇಟಿಂಗ್ ಸಿಸ್ಟಂಗೆ ತಕ್ಕಂತೆ ಬದಲಿಸಿಕೊಡುವರೇ, ಮತ್ತು ನಾವು ಬಿಟ್ಟುಹೋಗುವಾಗ ಲೆಕ್ಕವನ್ನು ಎಲ್ಲ ತಂತ್ರಾಂಶಗಳೂ ಓದಬಲ್ಲ ರೂಪದಲ್ಲಿ ಮರಳಿಸುವರೇ.

8. ಯಂತ್ರ ನಿಂತ ದಿನಕ್ಕಾಗಿ ಕೈರಸೀದಿ ಪುಸ್ತಕ ಸದಾ ಸಿದ್ಧವಿರಲಿ. ಸದಸ್ಯನು ಹಣ ಕಟ್ಟಿದ ದಿನಾಂಕವೇ ಜಮಾ ದಿನಾಂಕವೆಂದು ಆಡಳಿತ ಮಂಡಳಿ ಮೊದಲೇ ಠರಾವು ಮಾಡಿ, ಅದನ್ನು ಮೇಲಿನ ಬ್ಯಾಂಕಿಗೂ ತಿಳಿಸಿರಲಿ.

ಅಭ್ಯಾಸಕ್ಕೆ ಪ್ರಶ್ನೆಗಳು

ಮುಂದಿನ ಸಭೆಯಲ್ಲಿ ಸದಸ್ಯರು ಈ ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯಲಿ:

ಅ) ನಮ್ಮ ಸಂಘದ ಯಂತ್ರಗಳಲ್ಲಿ ಬೆಂಬಲ ಮುಗಿದವು ಎಷ್ಟು? ಅವುಗಳಲ್ಲಿ ಸದಸ್ಯರ ಸಾಲದ ಲೆಕ್ಕವಿರುವುದು ಯಾವುದು?
ಆ) ಲೆಕ್ಕದ ಪ್ರತಿಯನ್ನು ಕೊನೆಯ ಬಾರಿ ತೆರೆದು ನೋಡಿದ್ದು ಯಾವ ದಿನ?
ಇ) ಯಂತ್ರ ಬದಲಾವಣೆಗೆ ಈ ವರ್ಷದ ಮುಂಗಡ ಪತ್ರದಲ್ಲಿ ಎಷ್ಟು ಹಣ ಇಟ್ಟಿದೆ?
ಈ) ನಮ್ಮ ಮೊಬೈಲಿಗೆ ಭದ್ರತೆಯ ತಿದ್ದುಪಡಿ ಕೊನೆಗೆ ಬಂದದ್ದು ಯಾವಾಗ? ಅದರಲ್ಲಿಯೇ ಬ್ಯಾಂಕಿನ ವ್ಯವಹಾರ ಮಾಡುತ್ತಿದ್ದೇವೆಯೇ?

ಕಣಗಿನಹಾಳದ ಹಿರಿಯರು ಸಂಘ ಕಟ್ಟಿದ್ದು ಲೇವಾದೇವಿಯವನ ವಹಿಯಲ್ಲಿ ರೈತನ ಲೆಕ್ಕ ಬಂದಿಯಾಗಬಾರದೆಂಬ ಉದ್ದೇಶಕ್ಕೂ ಹೌದು. ತನ್ನ ಲೆಕ್ಕ ತನ್ನ ಸಂಘದಲ್ಲಿ, ತಾನು ಕೇಳಿದಾಗ ನೋಡುವಂತಿರಬೇಕು. ವಹಿಯ ಜಾಗಕ್ಕೆ ಕಂಪ್ಯೂಟರ್ ಬಂದ ಮಾತ್ರಕ್ಕೆ ಆ ಹಕ್ಕು ಬದಲಾಗುವುದಿಲ್ಲ. ತಯಾರಕರು ಗೊತ್ತುಮಾಡಿದ ತಾರೀಖುಗಳನ್ನು ನಾವು ತಡೆಯಲಾರೆವು. ಆದರೆ ಅವನ್ನು ಮೊದಲೇ ತಿಳಿದು, ಹಣ ಕೂಡಿಟ್ಟು, ಬಿಡುವಿನ ಕಾಲದಲ್ಲಿ ಕೆಲಸ ಮುಗಿಸಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆ. ಈ ತಿಂಗಳ ಆಡಳಿತ ಮಂಡಳಿ ಸಭೆಯ ವಿಷಯಪಟ್ಟಿಯಲ್ಲಿ ಮೊದಲನೆಯ ಕೆಲಸವಾದ ದಾಖಲೆ ಪುಸ್ತಕವನ್ನಾದರೂ ಸೇರಿಸಬೇಕೆಂದು ಎಲ್ಲ ಸಂಘಗಳಲ್ಲಿ ನಮ್ಮ ವಿನಂತಿ.